ಇಪ್ಪತ್ತೈದು ಬಿಲ್ಲೆ

ಕಾಗದದ ತೋಟಾ ತುಂಬುವವರು ಈಗ ಯಾರಿದ್ದಾರೆ ಅಂತ ಶಿವಮೊಗ್ಗದಲ್ಲಿ ಕೇಳಿದರೆ ನಾಲ್ಕು ಜನ ನಕ್ಕಾರು, ಐದನೆಯವನು ಆಲ್ಕೊಳ ಸರ್ಕಲ್ಲಿನ ಕಡೆ ಕೈ ತೋರಿಸಿಯಾನು. ಅಲ್ಲಿ ಪಂಕ್ಚರ್ ಅಂಗಡಿಯ ಪಕ್ಕದ ಸಂದಿಯಲ್ಲಿ ಇನಾಯತುಲ್ಲಾ ಸಾಬರ ಮನೆ. ಮುಂದಿನ ಕೋಣೆಯೇ ಕೆಲಸದ ಕೋಣೆ. ಗೋಡೆಯ ಮೇಲೆ ಕಟ್ಟು ಹಾಕಿಸಿದ ಲೈಸೆನ್ಸು. ಅದನ್ನು ಓದದೆ ಒಳಗೆ ನುಗ್ಗಿದವರನ್ನು ಸಾಬರು ಎಬ್ಬಿಸಿ, ಓದಿಸಿ, ಆಮೇಲೆ ಕೂರಿಸುತ್ತಾರೆ. ಅಂಥ ಖಡಕ್ಕು ಆಸಾಮಿ.

ಅಜ್ಜಂದಿರ ಕಾಲದ ಜೋಡುನಳಿಗೆ ಕೋವಿಗಳಿಗೆ ಇವತ್ತಿನ ಪ್ಲಾಸ್ಟಿಕ್ ತೋಟಾ ಆಗಿಬರುವುದಿಲ್ಲ. ಅವುಗಳಲ್ಲಿ ತೋಟಾ ಕೂರುವ ಗೂಡು ಗಿಡ್ಡ, ಕಬ್ಬಿಣ ಮೆದು. ಮದ್ದು ಒಂದಿಷ್ಟು ಹೆಚ್ಚಾಯಿತೋ, ನಳಿಗೆ ಬಾಳೆಹಣ್ಣಿನ ಸಿಪ್ಪೆಯ ಹಾಗೆ ಬಿಚ್ಚಿಕೊಳ್ಳುತ್ತದೆ; ಹಿಡಿದವನ ಕೈಯೋ ಕಣ್ಣೋ ಹೋಗುತ್ತದೆ. ಅದಕ್ಕೇ ಅಂಥ ಕೋವಿ ಇಟ್ಟುಕೊಂಡ ರೈತರು ಸಾಬರನ್ನು ಹುಡುಕಿಕೊಂಡು ಬರುವುದು.

ಸಾಬರು ಭದ್ರಾವತಿ ಹಳೇನಗರದವರು. ಕಾಗದದ ಕಾರ್ಖಾನೆಯಲ್ಲಿ ದುಡಿಯುತ್ತಿದ್ದರು. ರಜೆಯ ದಿನ ತಂದೆ ಜಮ್ಶೀದ್ ಸಾಬರ ಪಕ್ಕ ಕೂತು ಕೋವಿ ರಿಪೇರಿ, ತೋಟಾ ತುಂಬುವುದು ಎಲ್ಲ ಕಲಿತರು. ಕಾರ್ಖಾನೆ ನಿಂತುಹೋದ ಮೇಲೆ ಹೆಂಡತಿ ಖಾಜಾಬೀಯನ್ನೂ, ಅಪ್ಪನ ಪುಟ್ಟ ಹಿತ್ತಾಳೆ ಯಂತ್ರವನ್ನೂ ಕರೆದುಕೊಂಡು ಶಿವಮೊಗ್ಗಕ್ಕೆ ಬಂದರು. ಮೇಜಿನ ಅಂಚಿಗೆ ಬಿಗಿದು ಹಿಡಿ ತಿರುಗಿಸಿದರೆ ತೋಟಾದ ಬಾಯಿಯ ಕಾಗದವನ್ನು ಒಳಕ್ಕೆ ಸುರುಳಿ ಸುತ್ತಿ ಮುಚ್ಚುವ ಯಂತ್ರ ಅದು. ಹೆಂಡತಿ, ಯಂತ್ರ, ಈ ಎರಡರಲ್ಲಿ ಹೆಚ್ಚು ಮಾತಾಡುತ್ತಿದ್ದದ್ದು ಯಾವುದು ಅಂತ ಬೇರೆ ಹೇಳಬೇಕಿಲ್ಲ.

ತೋಟಾದೊಳಗೆ ಮೊದಲು ಮದ್ದು, ಅದರ ಮೇಲೆ ಉಣ್ಣೆಯ ಬಿರಡೆ, ಅದರ ಮೇಲೆ ಸೀಸದ ಕಾಳಿನ ಚರೆ, ಎಲ್ಲಕ್ಕಿಂತ ಮೇಲೆ ಒಂದು ರಟ್ಟಿನ ಬಿಲ್ಲೆ. ಬಿಲ್ಲೆ ಖಾಜಾಬೀಯ ಇಲಾಖೆ. ಹಳೆಯ ಮದುವೆ ಕಾಗದಗಳನ್ನು ಬೀದಿಯವರಿಂದ ಕೇಳಿ ತಂದು, ಉಳಿ ಇಟ್ಟು ಹೊಡೆದು ಗುಂಡಗೆ ಕತ್ತರಿಸುತ್ತಿದ್ದಳು. ಒಂದು ಬದಿಗೆ ಚರೆಯ ನಂಬರು, ಕನ್ನಡ ಅಂಕಿಯಲ್ಲಿ, ನೀಲಿ ಶಾಯಿಯಲ್ಲಿ. ಇನ್ನೊಂದು ಬದಿಯಲ್ಲಿ ಯಾರದ್ದೋ ಮದುವೆಯ ಚೂರು: ಗಣಪತಿಯ ಸೊಂಡಿಲು, ಜರಿಯ ಚಂದ್ರ, 'ಸುಮುಹೂ' ಅನ್ನುವ ಅಕ್ಷರ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು, ನಾಲ್ಕನ್ನು ಬರೆಯುವಾಗ ಬಾಲವನ್ನು ಸುಮ್ಮನೆ ಉದ್ದ ಎಳೆಯುತ್ತಿದ್ದಳು. ಸಾಬರು ಗದರಿದರೆ, "ನಂದು ನಾಲ್ಕು, ನಿಮಗೇನು ಕಷ್ಟ?" ಅನ್ನುತ್ತಿದ್ದಳು.

ಅವಳದ್ದೊಂದು ಕಟ್ಟುನಿಟ್ಟು ಇತ್ತು. ತೂತಿನ ಹಲಗೆಯಲ್ಲಿ ಇಪ್ಪತ್ತೈದು ತೋಟಾ ನಿಲ್ಲಿಸಿ ಸಾಬರು ಒಂದೊಂದಕ್ಕೇ ಮದ್ದು ಹಾಕುತ್ತಾ ಹೋದ ಹಾಗೆ, ಎದುರು ಕೂತ ಖಾಜಾಬೀ ಅದರ ಬಾಯಿಗೆ ತಕ್ಷಣ ಒಂದು ಬಿಲ್ಲೆ ಇಡುತ್ತಿದ್ದಳು. ಬಿಲ್ಲೆ ಹೊತ್ತದ್ದಕ್ಕೆ ಮದ್ದು ಬಿದ್ದಿದೆ, ಹೊರದ್ದಕ್ಕೆ ಬಿದ್ದಿಲ್ಲ. ಅಷ್ಟೇ. ಮಧ್ಯೆ ಭೂಕಂಪವಾದರೂ ಲೆಕ್ಕ ತಪ್ಪುವ ಹಾಗಿಲ್ಲ. ಮೂವತ್ತೆಂಟು ವರ್ಷ ತಪ್ಪಲಿಲ್ಲ.

ಅವಳು ಹೋಗಿ ಆ ಮಂಗಳವಾರಕ್ಕೆ ಮೂವತ್ತು ದಿನ. ಎದೆನೋವು ಅಂದಳು, ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮುಗಿದಿತ್ತು. ಸಾಬರಿಗೆ ಅಳು ಬರಲಿಲ್ಲ. ಮಣ್ಣು ಕೊಟ್ಟು ಬಂದ ದಿನವೂ ಬರಲಿಲ್ಲ. ಜನ ಗಟ್ಟಿ ಮನಸ್ಸು ಅಂದರು. ಗಟ್ಟಿಯೂ ಇಲ್ಲ, ಮಣ್ಣೂ ಇಲ್ಲ, ಒಳಗೆ ಏನೂ ಆಗುತ್ತಿರಲಿಲ್ಲ ಅಷ್ಟೆ. ತಿಂಗಳ ಮಟ್ಟಿಗೆ ಜೊತೆಗಿರಲು ಬಂದ ಮಗಳು ಸಫೂರಾ ಒಂದು ದಿನ ಸಾರಿಗೆ ಉಪ್ಪು ಹಾಕುವುದನ್ನೇ ಮರೆತಿದ್ದಳು. ಅವಳು ಉಂಡು ನಾಲಿಗೆ ಕಚ್ಚಿಕೊಳ್ಳುವಷ್ಟರಲ್ಲಿ ಅಪ್ಪ ಎರಡನೇ ಸಲ ಬಡಿಸಿಕೊಂಡಾಗಿತ್ತು.

ಆ ಮಂಗಳವಾರ ಬೆಳಿಗ್ಗೆ ಸಾಬರು ಭದ್ರಾವತಿ ಹೊರವಲಯದ ಬಂಗಾರಪ್ಪನವರಿಗೆ ಇಪ್ಪತ್ತೈದು ತೋಟಾ ತುಂಬಲು ಕೂತರು. ಅಷ್ಟಕ್ಕೆ ಬೇಕಾದ ಮದ್ದನ್ನು ಅಳೆದು ಬಟ್ಟಲಿಗೆ ಸುರಿದುಕೊಂಡರು. ಎದುರಿನ ಮಣೆ ಖಾಲಿ. ಅರ್ಧ ದಾಟಿದ್ದಾಗ ಫೋನು ಬಡಿಯಿತು. ರೇಷನ್ ಅಂಗಡಿಯ ಹುಡುಗಿ.

"ಖಾಜಾಬೀ ಅನ್ನೋರು ಇದ್ದಾರಾ? ಅವರ ಹೆಬ್ಬೆಟ್ಟಿಂದು ಬಾಕಿ ಇದೆ. ಒಂದ್ಸಲ ಅಂಗಡಿ ಹತ್ರ ಕಳಿಸಿ ಸರ್."

"ಒಳಗಿದ್ದಾಳೆ. ಕಳಿಸ್ತೀನಮ್ಮ," ಅಂದರು ಸಾಬರು.

ಹಾಗೆ ಅಂದುಬಿಟ್ಟೆನಲ್ಲ ಅಂತ ಅವರಿಗೆ ಗಾಬರಿಯೂ ಆಗಲಿಲ್ಲ. ಫೋನಿಟ್ಟು ಬಂದು ಮತ್ತೆ ಮದ್ದು ಹಾಕತೊಡಗಿದರು. ಕೊನೆಯ ತೋಟಾಕ್ಕೆ ಬಂದಾಗ ಬಟ್ಟಲು ಖಾಲಿಯಾಗಿತ್ತು. ಡಬ್ಬಿಯ ಮುಚ್ಚಳ ತೆಗೆದು ಒಂದು ಅಳತೆ ತಂದು ಹಾಕಿದರು. ಬಿರಡೆ, ಚರೆ, ಬಿಲ್ಲೆ ಎಲ್ಲ ಇಟ್ಟು ಯಂತ್ರದ ಹಿಡಿ ತಿರುಗಿಸುವಾಗ ಒಂದು ತೋಟಾಕ್ಕೆ ಸುರುಳಿ ಸುತ್ತುವಷ್ಟು ಕಾಗದ ಸಾಲದೆ ಬಂತು. ಕಣ್ಣು ನೋಡಿತು, ಕೈ ನಿಲ್ಲಲಿಲ್ಲ. ಬಿಲ್ಲೆಯ ತಗಡಿನ ಡಬ್ಬಿಯೂ ಅವತ್ತೇ ತಳ ಕಂಡಿತು. ಅದಕ್ಕೆ ಮುಚ್ಚಳ ಹಾಕಿ ಮೇಲಿಟ್ಟರು.

ಮಧ್ಯಾಹ್ನ ಬಂಗಾರಪ್ಪ ಬಂದರು. ಉಕ್ಕಿನ ಕಾರ್ಖಾನೆಯಿಂದ ನಿವೃತ್ತರಾಗಿ ಈಗ ಎರಡೆಕರೆ ಗದ್ದೆಯಲ್ಲಿ ಮಂಗಗಳ ಜೊತೆ ಯುದ್ಧ ಮಾಡುತ್ತಿರುವ ಮನುಷ್ಯ.

"ಏನ್ ಸಾಬ್ರೆ, ಮನೆಯೋರು ಆರಾಮಾ? ಕಾಣ್ಲಿಲ್ಲ?"

"ಆರಾಮು," ಅಂದರು ಸಾಬರು. ಬಂಗಾರಪ್ಪ ಪೆಟ್ಟಿಗೆ ತೆಗೆದುಕೊಂಡು ಹೋದರು.

ಮರುದಿನ ಬೆಳಿಗ್ಗೆ ಚಹಾ ಕೊಡುತ್ತಾ ಸಫೂರಾ ಕೇಳಿದಳು: "ಅಬ್ಬಾ, ನಿನ್ನೆ ಮದ್ದಿನ ಡಬ್ಬಿ ಮುಚ್ಚಳ ತೆಗ್ದೇ ಬಿಟ್ಟಿದ್ರಲ್ಲ. ಅಳತೆ ಕಮ್ಮಿ ಬಿತ್ತಾ?"

ಸಾಬರು ಲೋಟ ಕೆಳಗಿಟ್ಟರು. ಬಟ್ಟಲಲ್ಲಿ ಇಪ್ಪತ್ತೈದಕ್ಕೆ ಅಳೆದ ಮದ್ದು ಇಪ್ಪತ್ತನಾಲ್ಕಕ್ಕೇ ಮುಗಿದಿದೆ ಅಂದರೆ ಯಾವುದೋ ಒಂದಕ್ಕೆ ಎರಡು ಸಲ ಬಿದ್ದಿದೆ. ಫೋನಿಂದ ಎದ್ದು ಬಂದವರು ಹಾಕಿದ್ದಕ್ಕೇ ಮತ್ತೆ ಹಾಕಿದ್ದಾರೆ. ಗುರುತಿಗೆ ಬಿಲ್ಲೆ ಇಡುವವಳು ಇರಲಿಲ್ಲ. ಆ ತೋಟಾ ಈಗ ಬಂಗಾರಪ್ಪನವರ ಹತ್ತಿರ, ನೂರು ವರ್ಷದ ಕೋವಿಯ ಪಕ್ಕದಲ್ಲಿದೆ.

ಫೋನು ಹಚ್ಚಿದರು. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಹಚ್ಚಿದರು. ಚಪ್ಪಲಿ ಮೆಟ್ಟಿ ಸರ್ಕಲ್ಲಿಗೆ ನಡೆದು ಮೊದಲು ಸಿಕ್ಕ ಆಟೊ ಹತ್ತಿದರು.

"ಭದ್ರಾವತಿ ತನಕನಾ? ಬಸ್ಸಿಗೆ ಹೋಗ್ಬಹುದಿತ್ತಲ್ಲ ಸಾಬ್ರೆ! ಏನು, ಹುಡುಗಿ ನೋಡೋ ಕಾರ್ಯಕ್ರಮವಾ?" ಆಟೊದವನಿಗೆ ತಮಾಷೆ.

"ಬೇಗ ಹೋಗಪ್ಪ," ಅಂದರು. ದಾರಿಯುದ್ದಕ್ಕೂ ಫೋನು ಹಚ್ಚುತ್ತಲೇ ಇದ್ದರು. ಒಬ್ಬ ಮನುಷ್ಯನ ಕಣ್ಣು ಹೋಗುತ್ತದೆ, ತನ್ನ ಕೈಯಿಂದಲೇ ಹೋಗುತ್ತದೆ ಅಂತ ತಮಗೆ ತಾವೇ ಹೇಳಿಕೊಂಡರು. ಹೇಳಿಕೊಂಡರೂ ಎದೆ ಬಡಿದುಕೊಳ್ಳಲಿಲ್ಲ. ಥೂ, ನಾನೂ ಅವಳ ಜೊತೆಗೇ ಸತ್ತಿದ್ದೇನೋ ಏನೋ, ಯಾರೂ ಹೇಳಿಲ್ಲ ಅಷ್ಟೆ, ಅನ್ನಿಸಿತು.

ಬಂಗಾರಪ್ಪನವರ ಫೋನು ಮನೆಯ ಜಗಲಿಯ ಮೇಲೆ ಕೂಗಿಕೊಳ್ಳುತ್ತಾ ಬಿದ್ದಿತ್ತು. ಅವರ ಹೆಂಡತಿ ಮಾಸ್ತಮ್ಮ ಹಿತ್ತಲಿಂದ ಬಂದವರು, "ಅವ್ರು ಆಗ್ಲೇ ಕೋವಿ ತಗೊಂಡು ಗದ್ದೆಗೆ ಹೋದ್ರಲ್ಲ. ನೀರಾದ್ರೂ ಕುಡೀರಿ," ಅನ್ನುವಷ್ಟರಲ್ಲಿ ಆಚೆಯಿಂದ ಈಡಿನ ಸದ್ದು ಕೇಳಿತು.

ಸಾಬರು ಓಡಿದರು. ಅರವತ್ತಾರು ವರ್ಷದ ಮನುಷ್ಯ ಕಾಲುವೆ ದಾಟಿ, ಒಂದು ಚಪ್ಪಲಿ ಕೆಸರಿಗೆ ಕೊಟ್ಟು, ಬದುವಿನ ಮೇಲೆ ಓಡಿದರು. ಜೋಳದ ಹೊಲದ ಅಂಚಿನಲ್ಲಿ ಬಂಗಾರಪ್ಪ ನಿಂತಿದ್ದರು, ಎರಡು ಕಣ್ಣು, ಎರಡು ಕೈ ಎಲ್ಲ ನೆಟ್ಟಗಿದ್ದವು. ಮಂಗಗಳು ಇನ್ನೂ ಹೋಗಿಲ್ಲವೆಂದು ಎರಡನೇ ನಳಿಗೆಯ ಈಡಿಗೆ ಕೋವಿಯನ್ನು ಆಕಾಶಕ್ಕೆ ಎತ್ತುತ್ತಿದ್ದರು.

"ಬೇಡಾ! ಬಂಗಾರಪ್ಪೋರೇ, ಬೇಡಾ!"

ತಿಂಗಳಿಂದ ಯಾರ ಮುಂದೆಯೂ ಏರದಿದ್ದ ದನಿ. ಬಂಗಾರಪ್ಪ ಬೆಚ್ಚಿ ಕೋವಿ ಇಳಿಸಿದರು. ಸಾಬರು ಅದನ್ನು ಕಸಿದುಕೊಂಡು, ನಳಿಗೆ ಮಡಚಿ ತೆರೆದು, ಒಳಗಿದ್ದ ತೋಟಾ ತೆಗೆದು, ಆಮೇಲೆ ಏದುಸಿರಿನಲ್ಲೇ ವಿಷಯ ಹೇಳಿದರು. ಬಂಗಾರಪ್ಪನವರ ಮುಖದ ರಕ್ತ ಇಳಿದುಹೋಯಿತು. ಇಳಿದದ್ದು ಸಿಟ್ಟಾಗಿ ಏರಿತು.

"ಏನ್ ಮಾರಾಯ್ರೆ ನೀವು! ಈಡು ಹೊಡೆಯೋವಾಗ ಮೊಮ್ಮಕ್ಕಳು ಹತ್ರ ಬಂದು ನಿಂತಿರ್ತಾವೆ. ನಿಮ್ಮನ್ನ ನಂಬಿ ಅಲ್ವಾ ನಾವು ಕೋವಿ ಕುದುರೆ ಎಳೆಯೋದು?"

ಸಾಬರು ಬದುವಿನ ಮೇಲೆ ಟವೆಲು ಹಾಸಿ, ಕೋವಿಯದ್ದೂ ಪೆಟ್ಟಿಗೆಯವೂ ಸೇರಿ ಉಳಿದ ಇಪ್ಪತ್ತನಾಲ್ಕನ್ನೂ ಸುರಿದುಕೊಂಡು ಬ್ಲೇಡು ಹಿಡಿದರು. ಬಾಯಿಯ ಸುರುಳಿ ಕೊಯ್ಯುವುದು, ಬಿಲ್ಲೆ ಎತ್ತಿ ಕರವಸ್ತ್ರದಲ್ಲಿಡುವುದು, ಚರೆ ಒಂದು ಕಡೆ, ಮದ್ದು ಒಂದು ಕಡೆ. ಕೋವಿಯಿಂದ ತೆಗೆದದ್ದು ಸರಿಯಾಗಿತ್ತು. ಐದು, ಹತ್ತು, ಹದಿನೈದು, ಎಲ್ಲ ಸರಿಯಾಗಿದ್ದವು. ಬಂಗಾರಪ್ಪ ಕುಕ್ಕರಗಾಲಲ್ಲಿ ಕೂತು ನೋಡಿದರು. ಹದಿನೇಳನೆಯದರಲ್ಲಿ ಬಿರಡೆ ಅರ್ಧಕ್ಕೇ ಸಿಕ್ಕಿತು. ಅದರ ಕೆಳಗೆ ಎರಡು ಪಾಲು ಮದ್ದು.

"ಇದೇ," ಅಂದರು ಸಾಬರು. ಮದ್ದನ್ನು ಕಾಲುವೆಯ ನೀರಿಗೆ ಚೆಲ್ಲಿ ಬಂದರು. ಬಂದವರು ಮತ್ತೆ ಕೂತು ಹದಿನೆಂಟನೆಯದಕ್ಕೆ ಬ್ಲೇಡು ಹಾಕಿದರು.

"ಸಿಕ್ತಲ್ಲ ಸಾಬ್ರೆ! ಉಳಿದವು ಚೆನ್ನಾಗೇ ಇದಾವೆ, ಯಾಕೆ ಹಾಳು ಮಾಡ್ತೀರಿ?"

"ಬಿಲ್ಲೆ ಬೇಕಿತ್ತು."

"ಅಯ್ಯೋ, ಆ ರಟ್ಟಿನ ಚೂರಾ? ಮನೆಯೋರಿಗೆ ಹೇಳಿದ್ರೆ ಇನ್ನೊಂದು ಬುಟ್ಟಿ ಹೊಡ್ದು ಕೊಡ್ತಾರೆ."

ಸಾಬರ ಕೈ ನಿಂತಿತು. "ಇಲ್ಲ," ಅಂದರು. "ತೀರ್ಕೊಂಡ್ಲು. ಇವತ್ತಿಗೆ ಮೂವತ್ತೊಂದು ದಿನ."

ತಮ್ಮ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು. ಇಷ್ಟು ದಿನ ಬೇರೆಯವರು ಹೇಳಿದ್ದರು, ಇವರು ತಲೆಯಾಡಿಸಿದ್ದರು.

"ನಿನ್ನೆ ಕೇಳ್ದಾಗ ಆರಾಮು ಅಂದ್ರಲ್ಲ..." ಅಂದರು ಬಂಗಾರಪ್ಪ. ಆಮೇಲೆ ತಾವೇ ಒಂದೊಂದು ತೋಟಾ ಎತ್ತಿ ಸಾಬರ ಕೈಗೆ ಕೊಡುತ್ತಾ ಬಂದರು.

ಕೊನೆಗೆ ಸಾಬರು ಕರವಸ್ತ್ರದಲ್ಲಿದ್ದ ಬಿಲ್ಲೆಗಳನ್ನು ಎಣಿಸಿದರು. ಇಪ್ಪತ್ತನಾಲ್ಕು. ಎಲ್ಲದರ ಮೇಲೂ ಬಾಲ ಉದ್ದದ ನಾಲ್ಕು. ಮತ್ತೆ ಎಣಿಸಿದರು. ಮನೆಯ ಡಬ್ಬಿಯಲ್ಲಿ ಒಂದೂ ಉಳಿದಿಲ್ಲ.

"ಈಡು ಹೊಡೆದಾಗ ಎಲ್ಲಿ ನಿಂತಿದ್ರಿ? ಯಾವ ಕಡೆಗೆ ಹಿಡಿದಿದ್ರಿ?"

ಬಂಗಾರಪ್ಪ ಕೈ ಮಾಡಿ ತೋರಿಸಿದರು. ಸಾಬರು ಕರವಸ್ತ್ರ ಕೈಯಲ್ಲೇ ಹಿಡಿದು ಒಂದೇ ಚಪ್ಪಲಿಯಲ್ಲಿ ಕೊಯ್ದ ಗದ್ದೆಗೆ ಇಳಿದು, ಬಗ್ಗಿ, ಕೂಳೆಗಳ ಮಧ್ಯೆ ಹುಡುಕತೊಡಗಿದರು. ಹುಚ್ಚು ಅಂತ ಅನ್ನಬಹುದಿತ್ತು, ಬಂಗಾರಪ್ಪ ಅನ್ನಲಿಲ್ಲ. ಪಂಚೆ ಎತ್ತಿ ಕಟ್ಟಿ ತಾವೂ ಇಳಿದರು. ಮಂಗಗಳು ನೆಮ್ಮದಿಯಾಗಿ ವಾಪಸು ಬಂದು ಜೋಳ ಮುರಿಯತೊಡಗಿದವು. ಅವನ್ನು ಯಾರೂ ಕೇಳಲಿಲ್ಲ.

ಬಿಸಿಲು ನೆತ್ತಿಗೆ ಬಂದಾಗ ಬಂಗಾರಪ್ಪನವರಿಗೇ ಅದು ಸಿಕ್ಕಿತು. ಚರೆ ತಗುಲಿ ತಗ್ಗುಬಿದ್ದು, ಒಂದು ಅಂಚು ಹರಿದಿತ್ತು. ನಾಲ್ಕು ಹೋಗಿತ್ತು, ಅದರ ಉದ್ದನೆಯ ಬಾಲ ಮಾತ್ರ ಉಳಿದಿತ್ತು.

"ಇದೇನಾ ನೋಡಿ ಸಾಬ್ರೆ."

ಸಾಬರು ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ನೋಡಿದರು. "ಹೌದು. ಅವಳದ್ದೇ," ಅಂದರು. ಇಷ್ಟು ಹೇಳುವಷ್ಟರಲ್ಲಿ ಮುಖ ಕಿವುಚಿಕೊಂಡಿತು. ಗದ್ದೆಯ ನಡುವೆ ಕೂತು, "ಅವಳಿದ್ದಿದ್ರೆ ಬಿಡ್ತಿರಲಿಲ್ಲ ಬಂಗಾರಪ್ಪೋರೆ, ಅವಳಿದ್ದಿದ್ರೆ ಹೀಗಾಗೋಕೆ ಬಿಡ್ತಿರಲಿಲ್ಲ," ಅಂತ ಮಗುವಿನ ಹಾಗೆ ಗಟ್ಟಿಯಾಗಿ ಅತ್ತರು. ಬಂಗಾರಪ್ಪ ಪಕ್ಕದಲ್ಲಿ ಕೂತು ಬಿಲ್ಲೆಗಳಿದ್ದ ಕರವಸ್ತ್ರವನ್ನು ಗಾಳಿಗೆ ಹಾರದಂತೆ ಹಿಡಿದುಕೊಂಡರು.