ದೋಣಿಯ ಮೂತಿಯಲ್ಲಿಟ್ಟ ಕಾಯಿ

ನಮ್ಮಕ್ಕನ ಮಗಳು ಕವನಾ ಇಂಡಿಯಾ ಟೀಮಿನಲ್ಲಿ ಕಯಾಕ್ ಹೊಡೆಯುತ್ತಾಳೆ. ಹಾಗೆಂದರೇನು ಎಂದು ನಮ್ಮೂರು ಉಲ್ಲಾಳದಲ್ಲಿ ಯಾರನ್ನು ಕೇಳಿದರೂ "ಅದೇ, ದೋಣಿ ರೇಸು" ಎನ್ನುತ್ತಾರೆ. ಅಷ್ಟು ಸುಲಭವಲ್ಲ ಸ್ವಾಮಿ! ನುಗ್ಗೆಕಾಯಿಯಂಥ ಸಪೂರ ದೋಣಿ. ಸ್ವಲ್ಪ ವಾಲಿದರೂ ನೀರಿಗೇ. ಒಬ್ಬಳ ಹಿಂದೆ ಒಬ್ಬಳು ಕೂತು, ಐನೂರು ಮೀಟರು ಹಲ್ಲು ಕಚ್ಚಿಕೊಂಡು ಹುಟ್ಟು ಹಾಕಬೇಕು. ಮುಂದಿನ ಸೀಟಿನವಳು ಬಸವೇಶ್ವರನಗರದ ರಾಗಿಣಿ, ಹಿಂದಿನವಳು ನಮ್ಮ ಕವನಾ.

ನಮ್ಮಕ್ಕ ಬೆಳಗ್ಗೆ ಗಾರ್ಮೆಂಟ್ಸಿಗೆ ಹೋದರೆ ಸಂಜೆಯೇ ಬರುವುದು. ಹಾಗಾಗಿ ಕವನಾಳನ್ನು ಸಾಕಿದ್ದೆಲ್ಲ ನಮ್ಮಮ್ಮ ಅಕ್ಕಯ್ಯಮ್ಮ. ಪ್ರಾಕ್ಟೀಸಿನಿಂದ ಬಂದ ಹುಡುಗಿಯ ಭುಜಕ್ಕೆ ಹರಳೆಣ್ಣೆ ತಿಕ್ಕಿ, ಬಿಸಿನೀರು ಹುಯ್ದು, ಮುದ್ದೆ ಉಣ್ಣಿಸಿ ಮಲಗಿಸುತ್ತಿದ್ದವಳು ಅವಳೇ. ನಮ್ಮನ್ನು ಹೆತ್ತಳೇ ಹೊರತು ಇಷ್ಟು ಮುದ್ದು ಮಾಡಿದ್ದು ನಾನಂತೂ ಕಾಣೆ.

ನಮ್ಮ ಮನೆಯಲ್ಲೊಂದು ಪದ್ಧತಿ. ಹೊಸ ಬಂಡಿ ಬಂದರೆ ಒಂದು ಕಾಯಿಯನ್ನು ಅರಿಶಿನದ ಬಟ್ಟೆಯಲ್ಲಿ ಕಟ್ಟಿ ಅದರ ಮೂತಿಯೊಳಗೆ ಇಡುವುದು. ಮೊದಲ ಬಾಡಿಗೆಗೆ ಹೊರಡುವ ದಿನ ಅದನ್ನೇ ತೆಗೆದು ಮುನೇಶ್ವರನ ಹೆಸರು ಹೇಳಿ ಒಡೆಯುವುದು. ಎತ್ತಿನ ಗಾಡಿಗೂ ಇಟ್ಟಿದ್ದರು, ನಮ್ಮ ಭಾವನ ಟೆಂಪೋಗೂ ಇಟ್ಟರು. ಕವನಾ ರೇಸಿಗೆಂದು ಥಾಯ್ಲೆಂಡಿಗೆ ಹೊರಟಾಗ ಅಮ್ಮ ಅರಿಶಿನದ ಬಟ್ಟೆಯನ್ನು ಮಡಿಸಿ ಅವಳ ಬ್ಯಾಗಿಗೆ ತುರುಕಿದಳು.

"ಆ ದೇಸದಾಗೆ ಕಾಯಿ ಸಿಕ್ತೈತೇನೇ?"

"ಸಿಗುತ್ತಜ್ಜಿ."

"ಸರಿ. ಫೈನಲ್ ದಿನ ಒಡಿ. ಮರೀಬ್ಯಾಡ."

ಇವರ ಕೋಚು ಉದಯಕುಮಾರ್ ಅವರದ್ದು ಒಂದೇ ಕಟ್ಟುನಿಟ್ಟು: ಕೇಳದೆ ದೋಣಿಯೊಳಗೆ ಏನೂ ಇಡಕೂಡದು. ಹಿಂದೊಮ್ಮೆ ಯಾರೋ ಇಟ್ಟಿದ್ದ ಬಾಟಲಿ ಉರುಳಿ, ಕಾಲಿನಿಂದ ತಿರುಗಿಸುವ ಚುಕ್ಕಾಣಿಗೆ ಸಿಕ್ಕಿಹಾಕಿಕೊಂಡು ದೋಣಿಯೇ ಮಗುಚಿತ್ತಂತೆ. ಇಟ್ಟದ್ದು ಕಂಡರೆ ಅವತ್ತು ರೇಸಿನಿಂದ ಹೊರಗೆ. ಕವನಾಗೆ ಇದು ಗೊತ್ತಿತ್ತು. ಆದರೂ ಅಲ್ಲಿ ಬಾಡಿಗೆಗೆ ಪಡೆದ ದೋಣಿ ಕೈಗೆ ಬಂದ ಕೂಡಲೇ ಕಾಯಿ ಕೊಂಡು, ಬಟ್ಟೆ ಸುತ್ತಿ, ಮೂತಿಯ ಆಳಕ್ಕೆ ಕೈ ತೂರಿಸಿ ಭದ್ರವಾಗಿ ಸಿಕ್ಕಿಸಿದಳು. ಯಾರಿಗೂ ಕಾಣಲಿಲ್ಲ. ಅಜ್ಜಿಯ ಮಾತು ಮೀರಲು ಅವಳಿಗೆ ಧೈರ್ಯವಿರಲಿಲ್ಲ.

ಫೈನಲ್ ದಿನ ಬೆಳಗ್ಗೆ ದೋಣಿ ಇಡುವ ಶೆಡ್ಡಿನ ಹಿಂದೆ ಆ ಕಾಯಿ ಒಡೆದಳು. ಹೋಳಾಗಿ ಬಿತ್ತು. ಖುಷಿಯಾಯಿತು. ಮಧ್ಯಾಹ್ನ ರಾಗಿಣಿ ಬೆರಳಿಗೆ ಟೇಪು ಸುತ್ತಿಕೊಳ್ಳುತ್ತಾ ಮಾತಿಗೆ ಮಾತು ಬಂದು ಹೇಳಿದಳಂತೆ:

"ನಿನ್ನೆ ಸಂಜೆ ತೂಕ ಹಾಕಿದ್ರೆ ದೋಣಿ ಅರ್ಧ ಕೆಜಿ ಜಾಸ್ತಿ ಬಂತು ಕಣೇ. ತೂಕಕ್ಕೆ ಅಂತ ಸೀಟ್ ಕೆಳಗೆ ಬಿಗಿಸಿದ್ದ ಸೀಸದ ಪಟ್ಟಿನ ಸಾರ್ ಬಿಚ್ಚಿಸಿಬಿಟ್ರು. ಈಗ ಕರೆಕ್ಟಾಗಿ ಲಿಮಿಟ್ಟಿಗೆ ಬಂದಿದೆ."

ಕವನಾಗೆ ಥಟ್ಟನೆ ಲೆಕ್ಕ ಹೊಳೆಯಿತು. ಆ ಅರ್ಧ ಕೆಜಿ ದೋಣಿಯದಲ್ಲ, ಕಾಯಿಯದು. ಈಗ ಕಾಯಿಯೂ ಇಲ್ಲ, ಸೀಸವೂ ಇಲ್ಲ. ಇಬ್ಬರು ಕೂರುವ ದೋಣಿ ಹದಿನೆಂಟು ಕೆಜಿಗಿಂತ ಹಗುರವಿದ್ದರೆ ಲೆಕ್ಕಕ್ಕಿಲ್ಲ. ಪದಕ ಗೆದ್ದವರ ದೋಣಿಯನ್ನು ನೀರಿನಿಂದ ಎತ್ತಿದ ಹಾಗೇ ತಕ್ಕಡಿಗೆ ಇಡುತ್ತಾರೆ. ಸೋತರೆ ಯಾರೂ ಕೇಳದೆ ಇರಬಹುದು, ಗೆದ್ದರೆ ಸಿಕ್ಕಿಬಿದ್ದ ಹಾಗೆ. ಇನ್ನೊಂದು ಕಾಯಿ ಇಡೋಣವೆಂದರೆ, ಬಿಡಿ ಸಾಮಾನನ್ನು ತೆಗೆಸಿಯೇ ತೂಗುತ್ತಾರೆ.

ಹೇಳಿದರೆ ತನ್ನ ಸೀಟು ಹೋಗುತ್ತದೆ. ಮೀಸಲು ಹುಡುಗಿ ದಿವ್ಯ ಅಲ್ಲೇ ಕೂತಿದ್ದಾಳೆ, ಆಳು ಬದಲಿಸಲು ಇನ್ನೂ ಅವಕಾಶವಿದೆ. ಹೇಳದಿದ್ದರೆ ರಾಗಿಣಿಯ ಪದಕ ಹೋಗುತ್ತದೆ. ರಾಗಿಣಿಯ ಭುಜದ ಕೀಲು ಸವೆದಿತ್ತು, ಡಾಕ್ಟರು ಇದೇ ಕೊನೆ ಎಂದಿದ್ದರು. ಕವನಾ ಬಚ್ಚಲಿಗೆ ಹೋದಳು. ಮುಖ ತೊಳೆದು ಬಂದಳು. ರಾಗಿಣಿ ಇನ್ನೂ ಟೇಪು ಸುತ್ತುತ್ತಲೇ ಇದ್ದಳು. ಕವನಾ ನೆಟ್ಟಗೆ ಕೋಚ್ ಹತ್ತಿರ ಹೋಗಿ ಎಲ್ಲ ಹೇಳಿದಳು.

ಅವರು ಕೂಗಾಡಲಿಲ್ಲ. ಓಡಿಹೋಗಿ ಸೀಸ ತಂದು ಮತ್ತೆ ಬಿಗಿಸಿ, ತೂಗಿ ನೋಡಿದರು. ಆಮೇಲೆ ದಿವ್ಯಳನ್ನು ಕರೆದರು.

"ಸಾರ್, ನಾನೇ ಬಂದು ಹೇಳಿದ್ನಲ್ಲಾ ಸಾರ್..."

"ಹೇಳ್ದೆ, ಒಳ್ಳೇದಾಯ್ತು. ಆದ್ರೆ ರೂಲ್ಸು ಎಲ್ರಿಗೂ ಒಂದೇ ಕಣಮ್ಮ. ಬಟ್ಟೆ ಬದಲಾಯಿಸ್ಕೊ, ಹೋಗು."

ರಾಗಿಣಿ ಅವಳ ಮುಖ ನೋಡದೆ, "ನನ್ ಹತ್ರ ಮಾತಾಡ್ಬೇಡ ಈಗ" ಎಂದು ಹುಟ್ಟು ಎತ್ತಿಕೊಂಡು ಹೊರಟಳು.

ಇತ್ತ ಉಲ್ಲಾಳದ ಮನೆಯಲ್ಲಿ ನಾನು, ಅಕ್ಕ, ಭಾವ, ಬೀದಿಯ ಅರ್ಧ ಜನ ಟಿವಿಗೆ ಫೋನು ಸಿಕ್ಕಿಸಿಕೊಂಡು ಕೂತಿದ್ದೆವು. ಭಾವ ಪಟಾಕಿ ಸರ ಹೊರಗೆ ಹಾಸಿಯೂ ಆಗಿತ್ತು. ದೋಣಿಗಳು ಸಾಲಾಗಿ ನಿಂತವು. ಎಲ್ಲರಿಗೂ ಟೋಪಿ, ಕಪ್ಪು ಕನ್ನಡಕ, ಯಾರು ಯಾರೆಂದು ನನಗೆ ತಿಳಿಯಲಿಲ್ಲ. ಅಮ್ಮ ಮಾತ್ರ ಎದ್ದು ಟಿವಿಯ ಹತ್ತಿರಕ್ಕೆ ಹೋಗಿ ನಿಂತಳು.

"ಹಿಂದ್ಗಡೆ ಕುಂತಿರೋಳು ನಮ್ಮ ಮಗಾ ಅಲ್ಲ."

"ಅಯ್ಯೋ ಸುಮ್ನಿರಮ್ಮ!" ಎಂದಳು ಅಕ್ಕ.

"ಆ ಭುಜ ನಮ್ಮುಡ್ಗೀದಲ್ಲ ಕಣೇ. ಎಣ್ಣೆ ತಿಕ್ಕಿರೋಳು ನಾನು, ನನ್ಗೆ ಗೊತ್ತಿಲ್ವಾ?"

ರೇಸು ಶುರುವಾಯಿತು. ಅರ್ಧ ದಾರಿಗೆ ನಮ್ಮವರು ಐದನೆಯವರು. ಆಮೇಲೆ ನಾಲ್ಕು. ಕೊನೆಯಲ್ಲಿ ಮೂತಿ ಮುಂದೆ ಚಾಚಿ ಮೂರು! ಬೀದಿಯಲ್ಲಿ ಪಟಾಕಿ ಸಿಡಿಯಿತು. ಪದಕ ಹಾಕುವಾಗ ಕನ್ನಡಕ ತೆಗೆದ ಹುಡುಗಿ ಬೇರೆ ಯಾರೋ. ಪಟಾಕಿಯ ಹೊಗೆ ಒಳಗೆ ಬರುತ್ತಿತ್ತು.

ಆಗ ಕವನಾ ದಡದಲ್ಲಿದ್ದಳಂತೆ. ದೋಣಿಯನ್ನು ತಕ್ಕಡಿಗೆ ಇಟ್ಟು, ಸರಿಯಿದೆ ಎಂದು ಅಧಿಕಾರಿ ಕೈ ಮಾಡಿದಾಗ ಅಲ್ಲೇ ಕೂತು ಅತ್ತಳಂತೆ. ಇದನ್ನೆಲ್ಲ ನನಗೆ ಹೇಳಿದ್ದು ಊರಿಗೆ ಬಂದ ಮೇಲೆ, ತಾರಸಿಯಲ್ಲಿ ಬಟ್ಟೆ ಹರವುತ್ತಾ.

"ರೇಸ್ ನಡೀತಿದ್ದಾಗ ಒಂದ್ ನಿಮಿಷ, ದಿವ್ಯ ಮಗುಚಿಕೊಳ್ಳಲಿ ಅನ್ನಿಸ್ತು ಚಿಕ್ಕಮ್ಮ. ಬಾಯಲ್ಲಿ ಮಾತ್ರ ಕಮಾನ್ ಕಮಾನ್ ಅಂತ ಕೂಗ್ತಾ ಇದ್ದೆ."

ಅವಳ ಜಾಗದಲ್ಲಿ ನಾನಿದ್ದರೆ ಕೂಗುತ್ತಲೂ ಇರಲಿಲ್ಲ.

ರೇಸಿನ ದಿನ ಸಂಜೆ ಅವಳೇ ಫೋನು ಮಾಡಿದ್ದಳು. ಅಮ್ಮ ಫೋನು ಕಿತ್ತುಕೊಂಡು ಕೇಳಿದ್ದು ಒಂದೇ: "ಯಾಕ್ ಮಗಾ, ನಿನ್ನ ಯಾಕೆ ಕುಂಡ್ರಿಸ್ಲಿಲ್ಲ?" ಕೋಚ್ ಮುಂದೆ ಎದೆಗೊಟ್ಟು ನಿಜ ಹೇಳಿದ್ದ ಹುಡುಗಿ ಅಜ್ಜಿಗೆ ಹೇಳಿದ್ದು, "ಜ್ವರ ಬಂದಿತ್ತಜ್ಜಿ."

ಊರಿಗೆ ಬಂದ ದಿನದಿಂದಲೇ ಶುರುವಾಯಿತು ನೋಡಿ ಕಷಾಯ. ನೀರಿನ ಶೀತ ಎದೆಗೆ ಇಳಿದಿದೆಯೆಂದು ಮೆಣಸು, ಶುಂಠಿ, ಅಮೃತಬಳ್ಳಿ ಎಲ್ಲ ಕುದಿಸಿ, ಚೊಂಬಿನಂಥ ಲೋಟದ ತುಂಬ. ಕುಡಿಯುವಾಗ ಹುಡುಗಿಯ ಮುಖ ನೋಡಲಾಗದು.

"ಹೇಳಿಬಿಡೇ, ಯಾಕೀ ಶಿಕ್ಷೆ ನಿಂಗೆ?" ಎಂದು ರೇಗಿದೆ.

"ಬೇಡ ಚಿಕ್ಕಮ್ಮ. ಗೊತ್ತಾದ್ರೆ ಅಜ್ಜಿ ಇನ್ಮೇಲೆ ನಂಗೋಸ್ಕರ ದೇವರ ಹತ್ರ ಏನೂ ಕೇಳ್ಕೊಳ್ಳೋದೇ ಇಲ್ಲ. ಹೆದರ್ಕೊಂಡ್‌ಬಿಡ್ತಾರೆ."

ಕೆಳಗಿನಿಂದ ಅಮ್ಮ ಕೂಗಿದಳು: "ಕುಡುದ್ಯೇನೇ? ತಳದಾಗೆ ಬಿಡಬ್ಯಾಡ, ಸಾರ ಎಲ್ಲಾ ಅಲ್ಲೇ ಇರೋದು."

"ಕುಡ್ದೆ ಅಜ್ಜಿ" ಎಂದು ಕವನಾ ಲೋಟವನ್ನು ಕಣ್ಣು ಮುಚ್ಚಿ ಎತ್ತಿದಳು.