ಪಂಚಮಿಗೆ ಹಾರಿ ಬಂದ ಶಾಲಪ್ಪ

ನುಸಿಗುಳಿಗೆಯ ವಾಸನೆಗೆ ನಿಮಗೆ ಏನು ನೆನಪಾಗುತ್ತದೋ ಗೊತ್ತಿಲ್ಲ. ನನಗೆ ಮೊನ್ನೆ ಒಬ್ಬ ಹಾರುವ ಮನುಷ್ಯ ನೆನಪಾದ. ಸಂಭಾಜಿನಗರದಲ್ಲಿರುವ ನನ್ನ ತಮ್ಮನ ಮನೆಗೆ ಹೋಗಿದ್ದ ಅವ್ವ ಫೋನ್ ಮಾಡಿ, “ತಮ್ಮಾ, ಇಲ್ಲಿ ನನ್ನ ಬಾಯಿ ಕಟ್ಟಿದಂಗ ಆಗೇತಿ. ರವಿವಾರ ಬಂದು ಕರಕೊಂಡು ಹೋಗು” ಅಂದಿದ್ದಳು. ಮಳೆ ಬಿಟ್ಟು ಸ್ವಲ್ಪ ಬಿಸಿಲು ಬಿದ್ದಿತ್ತು. ಅವಳ ಕೌದಿ ಒಣಹಾಕೋಣವೆಂದು ನಾಸಿಕದ ನಮ್ಮ ಮನೆಯ ಅಟ್ಟದಿಂದ ಟ್ರಂಕು ಇಳಿಸಿದರೆ, ಅದರ ತಳಕ್ಕೆ ಹಾಸಿದ್ದ ಹಳೆಯ ಕಾಮಿಕ್ಸಿನೊಳಗಿಂದ ಅವನು ನನ್ನನ್ನೇ ನೋಡುತ್ತಿದ್ದ. ಮೈಗಂಟಿದ ಅಂಗಿ, ಹೆಗಲ ಮೇಲೆ ನೀಲಿ ಬಟ್ಟೆ, ಪ್ಯಾಂಟಿನ ಮೇಲೆ ಚಡ್ಡಿ.

ಅದು ಎಂಬತ್ತರ ದಶಕದ ಮಾತು. ಅಪ್ಪ ನಾಸಿಕದ ಹತ್ತಿರದ ಓಝರಿನ ವಿಮಾನ ಕಾರ್ಖಾನೆಯಲ್ಲಿದ್ದ. ಪಕ್ಕದ ಕ್ವಾರ್ಟರ್ಸಿನ ಬೆಂಗಳೂರಿನ ಇಂಜಿನಿಯರರು ವರ್ಗವಾಗಿ ಹೋಗುವಾಗ ಅವರ ಮಕ್ಕಳ ಕಾಮಿಕ್ಸುಗಳನ್ನೆಲ್ಲ ಕಟ್ಟಿ ನಮ್ಮ ಮನೆಗೆ ಕೊಟ್ಟುಹೋದರು. ಎಲ್ಲವೂ ಇಂಗ್ಲಿಷು. ಕಾಗದ ಒರಟು, ಬಣ್ಣ ಗೆರೆಯೊಳಗೆ ನಿಲ್ಲದೆ ಪಕ್ಕಕ್ಕೆ ಜಾರಿತ್ತು, ಹಿಂದಿನ ಪುಟದಲ್ಲಿ ನಮ್ಮ ಊರಿಗೆ ಎಂದೂ ಬಾರದ ಸಾಮಾನುಗಳ ಜಾಹೀರಾತು. ನನಗೆ ಆಗ ಎ ಬಿ ಸಿ ಡಿಯೇ ಹಿಮಾಲಯ. ಅಪ್ಪನಿಗೆ ಇಂಗ್ಲಿಷ್ ಬರುತ್ತಿತ್ತು, ಆದರೆ ಓದಿ ಹೇಳು ಅಂದರೆ, “ಹಾರಸೂ ಕೆಲಸ ಕಾರ್ಖಾನ್ಯಾಗ ಸಾಕಾಗೇತಿ, ಮನ್ಯಾಗೂ ಬ್ಯಾಡ” ಎಂದು ಮಗ್ಗುಲಾಗುತ್ತಿದ್ದ.

ಹೀಗಾಗಿ ಆ ಕೆಲಸ ಅವ್ವನ ಪಾಲಿಗೆ ಬಂತು. ರೋಣದ ಹತ್ತಿರದ ಹಳ್ಳಿಯಲ್ಲಿ ಕನ್ನಡ ನಾಲ್ಕನೆಯ ಇಯತ್ತೆ ಓದಿದವಳಿಗೆ ಇಂಗ್ಲಿಷ್ ಅಕ್ಷರ ಇರುವೆ ಸಾಲಿದ್ದಂತೆ. ಅವಳು ಹೆದರಲಿಲ್ಲ. ಮೆಂತ್ಯದ ಸೊಪ್ಪು ಬಿಡಿಸುತ್ತ ಚಿತ್ರ ನೋಡಿ ಕಥೆ ಕಟ್ಟುತ್ತಿದ್ದಳು. ಶಾಲು ಹೊದ್ದವನಿಗೆ ಶಾಲಪ್ಪ ಎಂದು ಹೆಸರಿಟ್ಟಳು. ಮುಖಕ್ಕೆ ಮುಸುಕು ಹಾಕಿದ ಖಳನಾಯಕ ಅವನ ದೊಡ್ಡಪ್ಪನ ಮಗ. ಮಹಡಿಗಳು ಉರುಳಿ ಬೆಂಕಿ ಎದ್ದದ್ದೆಲ್ಲ ಹೊಲದ ಬದುವಿನ ಜಗಳ. ಚಡ್ಡಿ ಯಾಕೆ ಮೇಲೆ ಹಾಕಿದ್ದಾನೆ ಎಂದು ನಾನು ಕೇಳಿದರೆ, “ಗಡಿಬಿಡಿಯೊಳಗ ಹೊಂಟಾನ, ಪಾಪ. ಯಾರರ ‘ಸತ್ನೆಪ್ಪೋ’ ಅಂತ ಒದರೂ ಹೊತ್ತಿನ್ಯಾಗ ಚಡ್ಡಿ ನೋಡ್ಕೋತ ಕುಂಡ್ರತಾರೇನು?” ಎನ್ನುತ್ತಿದ್ದಳು. ಇಂದಿಗೂ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಸಿಕ್ಕಿಲ್ಲ.

ಪ್ರತಿ ಪುಸ್ತಕದ ಕೊನೆಗೆ ಅವನು ಒಬ್ಬ ಹೆಣ್ಣುಮಗಳನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಆಕಾಶದಲ್ಲಿ ಹೋಗುತ್ತಿದ್ದ. ಆ ಚಿತ್ರ ಬಂದಾಗ ಅವ್ವ ಸೊಪ್ಪು ಬದಿಗಿಡುತ್ತಿದ್ದಳು. “ಈಕಿ ಅವನ ತಂಗಿ. ದೂರದ ಊರಿಗೆ ಕೊಟ್ಟಾರ. ಪಂಚಮಿ ಬಂತಲ್ಲ, ತವರಮನಿಗೆ ಕರಕೊಂಡು ಹೊಂಟಾನ. ಅಲ್ಲಿ ಜೋಕಾಲಿ ಕಟ್ಯಾರ, ಉಂಡಿ ಕಟ್ಯಾರ.” ಮೂವತ್ತು ಪುಸ್ತಕವಿದ್ದರೆ ಮೂವತ್ತರಲ್ಲೂ ಪಂಚಮಿಯೇ. ಶಾಲಪ್ಪನಿಗೆ ಬೇರೆ ಹಬ್ಬ ಇರಲಿಲ್ಲ.

ನಾನು ಇದನ್ನೆಲ್ಲ ನಂಬಿ ಶಾಲೆಯಲ್ಲಿ ಸಾರಿಕೊಂಡು ತಿರುಗಿದೆ. ಆಕೆ ಅವನ ಪ್ರೇಯಸಿ ಎಂದ ಹುಡುಗನ ಜೊತೆ ಅಂಗಿಯ ಗುಂಡಿ ಹರಿಯುವಷ್ಟು ಜಗಳವಾಯಿತು. ತಂಗಿಯ ಮರ್ಯಾದೆಯ ಪ್ರಶ್ನೆ ನೋಡಿ. ಮುಂದೆ ಇಂಗ್ಲಿಷ್ ಓದಲು ಬಂತು. ಆ ಹುಡುಗ ಹೇಳಿದ್ದೇ ನಿಜವಾಗಿತ್ತು, ಕಥೆ ಮಾತ್ರ ಅವ್ವನದಕ್ಕಿಂತ ಸಪ್ಪೆಯಾಗಿತ್ತು. ಅಂದಿನಿಂದ ಶಾಲಪ್ಪನ ಪಂಚಮಿ ನಮ್ಮ ಮನೆಯ ನಗೆಚಾಟಿಕೆಯಾಯಿತು. ಬೀಗರು ಬಂದರೂ ಹೇಳಿ ನಗಿಸುತ್ತಿದ್ದೆವು, ಅವ್ವನೂ ಜೊತೆಗೆ ನಗುತ್ತಿದ್ದಳು.

ರವಿವಾರ ಆ ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡೇ ಹೋದೆ. ತಮ್ಮನದು ಶೇಂದ್ರಾದ ಕಾರ್ಖಾನೆಯಲ್ಲಿ ಕೆಲಸ, ಅವನ ಹೆಂಡತಿ ಬೀಡ್ ಕಡೆಯ ಮರಾಠಿ ಮನೆಯವಳು. ಇಬ್ಬರೂ ದುಡಿಯುವವರು, ಅವ್ವನನ್ನು ಚೆನ್ನಾಗಿಯೇ ನೋಡಿಕೊಳ್ಳುತ್ತಾರೆ. ತೊಡಕಿದ್ದದ್ದು ಶಾಲೆಯಿಂದ ಬಂದಮೇಲೆ ಜೊತೆಗಿರುವ ಮೊಮ್ಮಗಳು ರೇವಾಳದು. ಕನ್ನಡ ಅವಳಿಗೆ ತಿಳಿಯುತ್ತದೆ, ಆಡಲು ನಾಚಿಕೆ. ಅವ್ವ ಹತ್ತು ಮಾತಾಡಿದರೆ ಅವಳದು ಮರಾಠಿಯಲ್ಲಿ “ಹೋ ಆಜಿ”, “ನಕೋ ಆಜಿ”; ಹೂಂ ಇಲ್ಲವೇ ಬೇಡ, ಅಷ್ಟೇ. ಅವ್ವ ಆಗಲೇ ಚೀಲ ಕಟ್ಟಿ ಕೂತಿದ್ದಳು.

ಪುಸ್ತಕ ನೋಡಿದ್ದೇ ಅವಳ ಮುಖ ಅರಳಿತು. “ಅಯ್ಯ, ಶಾಲಪ್ಪ!” ಎಂದು ಕನ್ನಡಕ ಹಾಕಿಕೊಂಡಳು. ರೇವಾ ಮೊಬೈಲು ಬಿಟ್ಟು ಬಂದು ಒತ್ತಿ ಕೂತಳು. ಅವ್ವ ಶುರುಮಾಡಿದಳು: ದೊಡ್ಡಪ್ಪನ ಮಗ, ಬದು, ಬೆಂಕಿ. ಹುಡುಗಿ ಇಂಗ್ಲಿಷ್ ಶಾಲೆಯವಳು, ಒಂದೊಂದು ಮಾತನ್ನೂ ಕಣ್ಣಲ್ಲೇ ಓದುತ್ತಿದ್ದಳು. ಕೊನೆಯ ಪುಟ ಬಂತು. “ಹಾಗೆ ಬರೆದಿಲ್ಲ ಆಜಿ” ಎಂದುಬಿಟ್ಟರೆ ಅವ್ವ ಮತ್ತೆ ಬಾಯಿ ಮುಚ್ಚಿಕೊಂಡು ನನ್ನ ಹಿಂದೆ ಹೊರಟುಬಿಡುತ್ತಾಳೆ.

ಅವ್ವ ಪಂಚಮಿ, ಜೋಕಾಲಿ, ಉಂಡಿ ಎಲ್ಲ ಹೇಳಿ ಮುಗಿಸಿದಳು. ರೇವಾ ಅಚ್ಚಾದ ಮಾತುಗಳನ್ನು ನೋಡಿದಳು, ಅಜ್ಜಿಯ ಮುಖ ನೋಡಿದಳು. ಆಮೇಲೆ ಒಂದೊಂದೇ ಶಬ್ದ ಹುಡುಕಿ ಕೇಳಿದಳು: “ಆಜಿ, ಮಗ್... ಮತ್ತ, ನಿನ್ನ ಕರಿಯಾಕ ಯಾರ ಬರ್ತಿದ್ದ?”

ಇಷ್ಟು ವರ್ಷ ನಕ್ಕ ನಮ್ಮಲ್ಲಿ ಒಬ್ಬರಿಗೂ ಹೊಳೆಯದ ಪ್ರಶ್ನೆ.

ಅವ್ವ ಪುಸ್ತಕದ ಮೇಲೆ ಕೈಯಾಡಿಸಿದಳು. “ಯಾರೂ ಬರ್ತಿದ್ದಿಲ್ಲವಾ. ನಮ್ಮಣ್ಣಗ ಹೊಲ, ಎತ್ತು. ಓಝರ್ ಯಾವ ದಿಕ್ಕಿಗೈತಿ ಅಂತ ಅವಗೇನು ಗೊತ್ತು? ನಾ ಸುಮ್ನ ಅವತ್ತೊಂದಿನ ಬಾಗಲಾ ತಗದು ಇಟ್ಟಿರ್ತಿದ್ದೆ.”

ನಾನು ನೀರು ಕುಡಿಯುವ ನೆವದಿಂದ ಅಡಿಗೆಮನೆಗೆ ಎದ್ದುಹೋದೆ. ಅಲ್ಲಿಗೂ ಕೇಳಿಸುತ್ತಿತ್ತು: ರೇವಾ ಮುಂದೇನಾಯಿತೆಂದು “ಮಗ್?” ಅನ್ನುತ್ತಿದ್ದಳು, ಅವ್ವ ಹೇಳುತ್ತಿದ್ದಳು. ಬೇವಿನ ಮರ, ಗೆಳತಿಯರು, ಅಣ್ಣ ಜೋಕಾಲಿ ಜೀಕಿ ಬೀಳಿಸಿದ್ದು. ನಡುವೆ ಇಬ್ಬರ ನಗು. ನಾನು ಕೇಳಿರದ ಎಷ್ಟೋ ಸಂಗತಿ ಆ ಹುಡುಗಿಯ ಪಾಲಾಗುತ್ತಿತ್ತು, ಸ್ವಲ್ಪ ಹೊಟ್ಟೆಕಿಚ್ಚೂ ಆಯಿತೆನ್ನಿ.

ಬಸ್ಸಿನ ಹೊತ್ತಾಯಿತು ಎಂದು ನಾನು ಅವ್ವನ ಚೀಲ ಎತ್ತಿಕೊಂಡೆ. ಅವಳು ತಲೆ ಎತ್ತಲಿಲ್ಲ.

“ಚೀಲ ಅಲ್ಲೇ ಇಡು ತಮ್ಮಾ. ಪಂಚಮಿ ಮುಗಿಸಿ ಬರ್ತೀನಿ. ಈಕಿಗೆ ಉಂಡಿ ಕಟ್ಟೂದು ಕಲಿಸಬೇಕು,” ಅಂದಳು. “ನೀನೂ ಆವತ್ತ ಬಾ. ಬಾಗಲಾ ತಗದಿರತೀವಿ.”