ಬದುಕಿಗೆ ಒಂದು, ನಿನ್ನೆಗೆ ಒಂಬತ್ತು

ಹೈದರಾಬಾದಿನಲ್ಲಿ ಗಾಜಿನ ಕಟ್ಟಡಗಳು ಒಂದರ ಹಿಂದೊಂದು ಏಳುತ್ತಿದ್ದ ವರ್ಷಗಳು. ಉಡುಪಿ ಕಡೆಯಿಂದ ಹೋದ ನಾನು ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿದ್ದೆ. ನಮ್ಮ ಹೊಸ ಆಫೀಸು ಕಟ್ಟುತ್ತಿದ್ದ ಕೂಲಿಯವರು ಹೇಗಿದ್ದಾರೆಂದು ತಿಳಿಯಲು ಕಂಪನಿ ಒಂದು ಸಮೀಕ್ಷೆ ಮಾಡಿಸಿತು. ಅವರಲ್ಲಿ ಬಹಳ ಜನ ಯಾದಗಿರಿ, ರಾಯಚೂರಿನವರು. ಕನ್ನಡ ಬರುತ್ತದೆಂದು ನನ್ನನ್ನೂ ಕಳಿಸಿದರು.

ಊಟದ ಬಿಡುವಿನಲ್ಲಿ ಇಟ್ಟಿಗೆ ಹೊರುವ ಹೆಂಗಸೊಬ್ಬಳು ನನ್ನೆದುರು ಕೂತಳು. ಒಟ್ಟಾರೆ ನಿಮ್ಮ ಬದುಕಿಗೆ ಹತ್ತರಲ್ಲಿ ಎಷ್ಟು ಕೊಡುತ್ತೀರಿ ಎಂದು ಕೇಳಿದೆ. ಒಂದು ಎಂದಳು. ನಿನ್ನೆ ಹೇಗಿತ್ತು ಎಂದು ಕೇಳಿದಾಗ ಅವಳ ಮುಖವೇ ಬೇರೆಯಾಯಿತು. ಊರಲ್ಲಿ ಅಜ್ಜಿಯ ಹತ್ತಿರ ಇದ್ದು ಓದುವ ಮಗಳು ರಜೆಗೆ ಬಂದಿದ್ದಳಂತೆ. ನಾಂಪಲ್ಲಿ ಸ್ಟೇಷನ್ನಿನಿಂದ ಕರೆತಂದು, ಸುಲ್ತಾನ್ ಬಜಾರಿನಲ್ಲಿ ಬಳೆ ಇಡಿಸಿ, ಬದನೆಕಾಯಿ ಪಲ್ಯ ಮಾಡಿ ಉಣಿಸಿದಳಂತೆ. ಅದಕ್ಕೆ ಒಂಬತ್ತು ಬರೆಸಿದಳು.

ಸಮೀಕ್ಷೆಯ ಮೇಲ್ವಿಚಾರಕರು ಹಾಳೆ ನೋಡಿ, ಇವೆರಡೂ ಹೊಂದುವುದಿಲ್ಲ, ಅವಳಿಗೆ ಪ್ರಶ್ನೆ ತಿಳಿದಿಲ್ಲ, ಮತ್ತೆ ಕೇಳಿ ಬನ್ನಿ ಎಂದರು. ಮರುದಿನ ಹೋದೆ.

"ತಿಳೀಲಾರದ್ದು ಏನೈತ್ರಿ ಅಕ್ಕಾರ?" ಎಂದಳು. "ನೀವು ಬದುಕು ಅಂದ್ರಿ, ಗಂಡ ನೆನಪಾದ. ನಿನ್ನಿ ಅಂದ್ರಿ, ಮಗಳು ನೆನಪಾದ್ಲು."

ಗಂಡ ಹಿಂದಿನ ವರ್ಷ ಇಂಥದೇ ಇನ್ನೊಂದು ಕಟ್ಟಡದಿಂದ ಬಿದ್ದು ತೀರಿಕೊಂಡಿದ್ದ. ಅದನ್ನು ಹೇಳುವಾಗ ಅವಳು ಅಳಲಿಲ್ಲ. ಸೆರಗಿನ ಧೂಳು ಕೊಡವಿಕೊಂಡು, ನೀವೆಷ್ಟು ಕೊಡುತ್ತೀರಿ ಎಂದು ನನ್ನನ್ನೇ ಕೇಳಿದಳು.

ಎಂಟು ಎಂದೆ, ಯೋಚನೆಯನ್ನೂ ಮಾಡದೆ. ಊರಲ್ಲಿ ನನ್ನನ್ನು ತೋರಿಸಿ ಮಕ್ಕಳಿಗೆ ಬುದ್ಧಿ ಹೇಳುತ್ತಿದ್ದರು.

"ನಿನ್ನಿಗೆ?"

ನಿನ್ನೆಯನ್ನು ನೆನೆದೆ. ಕಂಪನಿ ಬಸ್ಸು, ಕಂಪ್ಯೂಟರು, ಹಾಸ್ಟೆಲಿನ ತಣ್ಣಗಾದ ಅನ್ನ. ಸಮೀಕ್ಷೆಯ ಮಾತು ಬಿಟ್ಟರೆ ನಾನು ಯಾರೊಡನೆಯೂ ಮಾತಾಡಿರಲಿಲ್ಲ. ಪೆನ್ನಿನ ಮುಚ್ಚಳ ಹಾಕಿದೆ. ಅವಳು ಐತವಾರ ತಾನಿರುವ ತಗಡಿನ ಶೆಡ್ಡಿಗೆ ಊಟಕ್ಕೆ ಬರಬೇಕೆಂದು ಹೇಳಿ ಎದ್ದಳು.

ಹಾಳೆಯಲ್ಲಿ ಏನನ್ನೂ ತಿದ್ದದೆ ಹಿಂದಿರುಗಿಸಿದೆ. ಮೇಲ್ವಿಚಾರಕರು ಅದನ್ನು ಪಕ್ಕಕ್ಕಿಟ್ಟರು. ವರದಿಯಲ್ಲಿ ಸೇರಿಸಲಿಲ್ಲವೆಂದು ಆಮೇಲೆ ತಿಳಿಯಿತು.

ಭಾನುವಾರ ಹೋದೆ. ಅವಳು ರೊಟ್ಟಿ ಬಡಿಯುತ್ತಿದ್ದಳು. ನನ್ನ ಕರಾವಳಿಯ ಕನ್ನಡ ಕೇಳಿ ಮಗಳು ಬಾಯಿಗೆ ಕೈಯಿಟ್ಟು ನಗುತ್ತಿದ್ದಳು. ಸಾಕೆಂದರೂ ತಾಯಿ ಇನ್ನೊಂದು ರೊಟ್ಟಿ ಹಾಕಿದಳು. ಮಗಳು ಊರಿಗೆ ಮರಳಿದ ಮೇಲೂ, ಆ ಕಟ್ಟಡ ಮುಗಿಯುವವರೆಗೆ, ಭಾನುವಾರದ ಊಟ ನನಗೆ ಅಲ್ಲೇ ಆಗುತ್ತಿತ್ತು.